ಲಾಭ

ಶೀನಾ ಗೆಡ್ಡಿಸ್‌ಗೆ ಬೆರಳು ಮಡಚಲು ಬರುವುದಿಲ್ಲ,
ಸೀಸೆಯ ಮುಚ್ಚಳ ಒತ್ತಿ ತಿರುವಲು ಆಗುವುದಿಲ್ಲ.
ಅದಕ್ಕೇ ತಿಂಗಳಿಗೊಮ್ಮೆ ಲೀತ್‌ನಿಂದ ಬಸ್ಸು ಹಿಡಿದು,
ಕೋಟಿನ ತೋಳಿಗೆ ಕಡಲ ಮಂಜು ಅಂಟಿಸಿಕೊಂಡು,
ಎಡಿನ್‌ಬರೋ ಆಸ್ಪತ್ರೆಯ ನನ್ನ ಕಿಟಕಿಗೆ ಬರುತ್ತಾಳೆ.
ವಾರದ ಖಾನೆಗಳ ಪೆಟ್ಟಿಗೆಗೆ ನಾನು ತುಂಬಿಕೊಡುತ್ತೇನೆ.
ನಮ್ಮೂರಲ್ಲಿ ಶೀನ ಎಂದರೆ ಗಂಡಸು,
ಅಜ್ಜನ ಅಂಗಡಿಯ ಹಮಾಲ, ಗಿರಿಜಾ ಮೀಸೆಯವನು.
ಇದನ್ನು ಹೇಳಿದ ದಿನ ಕೆಮ್ಮು ಹತ್ತುವಷ್ಟು ನಕ್ಕಿದ್ದಳು.

ತಟ್ಟೆಗೆ ಮಾತ್ರೆ ಸುರಿದು
ಚಪ್ಪಟೆ ಚೂರಿಯಲ್ಲಿ ಎಳೆಯುತ್ತ ಎಣಿಸುತ್ತೇನೆ:
ಲಾಭ, ಎರಡು, ಮೂರು...
ಇಂಗ್ಲಿಷಿನಲ್ಲಿ ಓದಿದೆ, ಇಂಗ್ಲಿಷಿನಲ್ಲೇ ಬೈಯುತ್ತೇನೆ,
ಎಣಿಕೆ ಮಾತ್ರ ಗಂಗಾವತಿ ಬಿಟ್ಟು ಹೊರಟಿಲ್ಲ.
"ಮೊದಲನೆಯದಕ್ಕೆ ಬೇರೆ ಏನೋ ಅನ್ನುತ್ತೀಯಲ್ಲ?"
ಹೇಳಿದೆ: ಕಾಳು ಅಳೆಯುವವರು ಮೊದಲ ಸೇರಿಗೆ
ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ.
"ನನಗೀಗ ಅರವತ್ತೆರಡು," ಅಂದಳು.
"ಇಪ್ಪತ್ತೆಂಟು ದಾಟುವುದಿಲ್ಲ ಅಂದಿದ್ದರು ಡಾಕ್ಟರು.
ಸರಿಯಾಗೇ ಎಣಿಸುತ್ತೀ."

ಮೆಟ್ಟಿಲ ಕೆಳಗೆ ಒಂದೇ ಸೂಜಿ, ಎಂಟು ತೋಳು.
ಹೊಸ ಸೂಜಿ ಕೇಳಿದರೆ ಅಂಗಡಿಯವ ಬಾಗಿಲು ತೋರಿಸುತ್ತಿದ್ದ ಕಾಲ.
ಎಂಟರಲ್ಲಿ ಒಂದು ತಮ್ಮನದು, ಡೂಗಿಯದು.
ಆಮೇಲೆ ಅಲಾರಂ. ನಾಲ್ಕು ಗಂಟೆಗೊಮ್ಮೆ ಕ್ಯಾಪ್ಸೂಲು,
ನಡುರಾತ್ರಿಯಲ್ಲೂ, ಇದ್ದ ರಕ್ತವನ್ನೂ ತೆಳುವಾಗಿಸುತ್ತ.
ಸೇಬಿನ ರಸದಲ್ಲಿ ಕದಡಿದರೂ ಸುಣ್ಣವೆನಿಸುವ ಇನ್ನೊಂದು, ಬರಿ ಹೊಟ್ಟೆಗೆ.
ಕೊಡಗಟ್ಟಲೆ ನೀರು ಕುಡಿಯದಿದ್ದರೆ ಕಲ್ಲು ಕಟ್ಟುವುದೊಂದು.
ಕೊಳವೆಯಿಂದ ಶ್ವಾಸಕೋಶಕ್ಕೆ ಎಳೆದುಕೊಳ್ಳುವುದು,
ಮೂರು ದಿನ ನಾಲಗೆಯಲ್ಲಿ ತಾಮ್ರ ಉಳಿಸಿ ಹೋಗುವುದು.
ಬಾಯೊಳಗಿನ ಬಿಳಿ ಬೂಷ್ಟಿಗೆ ಚೀಪುವುದು.
"ಕೆಲಸವಿಲ್ಲದವಳಿಗೆ ಸರಕಾರ ಕೊಟ್ಟ ಕೆಲಸ," ಅನ್ನುತ್ತಾಳೆ.
"ಒಂದು ದಿನವೂ ರಜೆಯಿರಲಿಲ್ಲ."

ಈಗ ದಿನಕ್ಕೆ ಒಂದೇ, ಅವರೆಕಾಳಿನಷ್ಟು.
ರಕ್ತದ ಚೀಟಿಯಲ್ಲಿ: ವೈರಸ್ ಪತ್ತೆಯಾಗಿಲ್ಲ.
"ಪೊಲೀಸರಿಗೆ ಪತ್ತೆಯಾಗದಿದ್ದರೆ ಸಾಕೆಂದಿದ್ದೆ ಒಂದು ಕಾಲಕ್ಕೆ."
ಅವಳ ಹಿಂದೆ ಹುಡುಗನೊಬ್ಬ, ಕಿವಿಯಲ್ಲಿ ಹಾಡು,
ರೋಗ ಬರುವ ಮೊದಲೇ ಅಗುಳಿ ಹಾಕುವ ಮಾತ್ರೆಗೆ ಬಂದವನು.
ಶುಕ್ರವಾರ ಆಗಲೇ ಮುಖದ ಮೇಲೆ ಹತ್ತಿಕೊಂಡಿತ್ತು.
ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ,
"ಬೂಟಿನ ದಾರ ಕಟ್ಟಿಕೋ, ಬೀಳುತ್ತೀ," ಅಂದಳು.

ಇವತ್ತು ಒಂದು ಬಿಸ್ಕತ್ತಿನ ಡಬ್ಬಿಯೂ ತಂದಿದ್ದಳು.
ಮನೆ ಬದಲಿಸುತ್ತಾಳಂತೆ, ನಾಲ್ಕನೇ ಮಹಡಿಯಿಂದ ನೆಲಕ್ಕೆ.
"ಡೂಗಿಯವು. ತೊಂಬತ್ತೊಂದರ ನವೆಂಬರಿನಲ್ಲಿ ಮಿಕ್ಕವು.
ಕಸಕ್ಕೆ ಹಾಕಬಾರದಂತೆ, ಹೌದಾ?"
ಹೌದು. ಸುಡಲು ಕಳಿಸುವ ನೀಲಿ ಡಬ್ಬಿಗೇ ಹಾಕಬೇಕು.
ಬಿಳಿ ಕ್ಯಾಪ್ಸೂಲು, ಸೊಂಟಕ್ಕೆ ನೀಲಿ ಪಟ್ಟಿ,
ಮೈಮೇಲೆ ಸಣ್ಣ ಕುದುರೆ, ಹಣೆಯಲ್ಲಿ ಒಂಟಿ ಕೊಂಬು.
ಯಾರೂ ಕಾಣದ ಪ್ರಾಣಿಯನ್ನೇ ಯಾಕೆ ಒತ್ತಿದರೋ.

ಎಣಿಸಬೇಕೆಂಬ ನಿಯಮವೇನಿಲ್ಲ.
ತಟ್ಟೆಗೆ ಸುರಿದುಬಿಟ್ಟಿದ್ದೆ. ಕೈ ತಾನೇ ಎಳೆಯಿತು, ಬಾಯಿ ತಾನೇ
ಲಾಭ
ಅಂದು ನಿಂತಿತು.
ಸತ್ತವನು ಉಳಿಸಿಹೋದದ್ದನ್ನು ಅಳೆಯುವಾಗ
ಮೊದಲ ಸೇರಿಗೆ ಏನನ್ನಬೇಕೆಂದು ಅಜ್ಜ ಹೇಳಿಕೊಟ್ಟಿರಲಿಲ್ಲ.
ಶೀನಾ ಗಾಜಿಗೆ ಮುಖ ತಂದಳು. ಉಸಿರಿಗೆ ಗಾಜು ಮಂಜಾಯಿತು.
"ಅನ್ನು," ಅಂದಳು.
"ಅವನ ಪಾಲಿನದೂ ನನ್ನ ಲೆಕ್ಕಕ್ಕೇ ಬಂದಿದೆ."

ಎರಡು. ಮೂರು.
ನಲವತ್ತೊಂದಕ್ಕೆ ಮುಗಿಯಿತು.

ಲೇಬಲ್ಲಿನ ಯಂತ್ರ ಯಾರದೋ ಹೆಸರು ಉಗುಳಿತು, ಅತ್ತ ತಿರುಗಿದೆ.
ಗಾಜಿನ ಕೆಳಗಿನ ಸಂದಿಯಿಂದ
ಮಡಚದ ಬೆರಳೊಂದು ಒಳಬಂದು
ತಟ್ಟೆಯ ಅಂಚಿನಿಂದ ಒಂದು ಕುದುರೆಯನ್ನು
ಮೆಲ್ಲಗೆ ಎಳೆದುಕೊಂಡದ್ದನ್ನು ನಾನು ನೋಡಲಿಲ್ಲ.

ನೀಲಿ ಡಬ್ಬಿಗೆ ನಲವತ್ತು ಬಿದ್ದವು, ಜೋಳ ಸುರಿದ ಸದ್ದು.
ಚೀಟಿಯಲ್ಲಿ ಬರೆದೆ:
ಹಳೆಯ ಔಷಧ, ವಾಪಸು, ಪೂರ್ತಿ.